ಗೇರ್‌ಬಾಕ್ಸ್ ಬಿಚ್ಚುವ ಮೊದಲು ಗಾಡಿ ಓಡಿಸಿ ನೋಡುವ ಗ್ಯಾರೇಜು

ಹಳೆಯ ಆಟೋಮ್ಯಾಟಿಕ್ ಕಾರು ಇಟ್ಟುಕೊಂಡವರಿಗೆ ಮೈಸೂರಿನಲ್ಲಿ ಒಂದು ತಲೆನೋವು ಇದೆ. ಗಾಡಿ ಸ್ವಲ್ಪ ಅದುರಿತು ಅಂದರೆ ಸಾಕು, ಬಾನೆಟ್ ಎತ್ತುವ ಮೊದಲೇ ತೀರ್ಪು ಬರುತ್ತದೆ: "ಗೇರ್‌ಬಾಕ್ಸ್ ಹೋಗಿದೆ ಮೇಡಂ." ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಳರಸ್ತೆಯಲ್ಲಿರುವ ಈ ಗ್ಯಾರೇಜಿನಲ್ಲಿ ಆ ಮಾತು ಕೇಳಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನದು 2010ರ ಪೆಟ್ರೋಲ್ ಸೆಡಾನ್. ಐದು ಗೇರಿನ ಆಟೋಮ್ಯಾಟಿಕ್, ಟಾರ್ಕ್ ಕನ್ವರ್ಟರ್ ಇರುವಂಥದ್ದು. ಎಡ ಮಂಡಿ ನೋವು ಶುರುವಾದ ಮೇಲೆ ಕ್ಲಚ್ ತುಳಿಯುವ ಸಹವಾಸವೇ ಬೇಡ ಅಂತ ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡೆ. ಲಕ್ಷ ಕಿಲೋಮೀಟರ್ ದಾಟಿದೆ. ಹೋದ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಹೊಸ ಕಾಟ ಸೇರಿಕೊಂಡಿತು. ಬೆಳಿಗ್ಗೆ ಮನೆಯಿಂದ ಹೊರಟಾಗ ಏನೂ ಇಲ್ಲ. ಹತ್ತು ಹದಿನೈದು ನಿಮಿಷ ಓಡಿ ಗಾಡಿ ಬಿಸಿಯಾದ ಮೇಲೆ, 55ರಿಂದ 70ರ ವೇಗದಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಸುಮ್ನೆ ಇಟ್ಟುಕೊಂಡು ಹೋಗುತ್ತಿರುವಾಗ ಗರಗರ ಅಂತ ಒಂದು ನಡುಕ. ಟೋಲ್ ಗೇಟಿಗೆ ಮುಂಚೆ ರಸ್ತೆಗೆ ಅಡ್ಡಡ್ಡ ಹಾಕಿರುತ್ತಾರಲ್ಲ ದಪ್ಪ ಬಿಳಿ ಪಟ್ಟಿಗಳು, ಅವುಗಳ ಮೇಲೆ ಹೋದ ಹಾಗೆ. ಎರಡು ಮೂರು ಸೆಕೆಂಡು, ಅಷ್ಟೇ. ಜೋರಾಗಿ ಒತ್ತಿದರೆ ಮಾಯ.

ಇಲ್ಲಿಗೆ ಬರುವ ಮೊದಲು ಬೇರೆ ಕಡೆ ಸಾಕಷ್ಟು ದುಡ್ಡು ಸುರಿದಾಗಿತ್ತು. ಒಂದು ಕಡೆ ವೀಲ್ ಬ್ಯಾಲೆನ್ಸಿಂಗ್ ಮಾಡಿದರು. ಇನ್ನೊಂದು ಕಡೆ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. ಎಂಜಿನ್ ಮೌಂಟಿಂಗ್ ಕೂಡ ಹೊಸದು ಬಂತು. ಮೌಂಟಿಂಗ್ ಹಾಕಿದ್ದರಿಂದ ಸಿಗ್ನಲ್‌ನಲ್ಲಿ ನಿಂತಾಗ ಬರುತ್ತಿದ್ದ ಅದುರು ಹೋಯಿತು, ಅದು ನಿಜ. ರಸ್ತೆಯ ನಡುಕ ಮಾತ್ರ ಅಲ್ಲೇ ಇತ್ತು. ಕೊನೆಗೆ ಒಂದು ದೊಡ್ಡ ಸರ್ವಿಸ್ ಸೆಂಟರ್‌ನವರು ಕಂಪ್ಯೂಟರ್ ಸಿಕ್ಕಿಸಿ, ತೊಂದರೆ ತೋರಿಸುವ ಕೋಡ್ ಏನೂ ಬರುತ್ತಿಲ್ಲ ಎಂದು ಹೇಳಿ, ಹಾಗಿದ್ದರೂ ಗೇರ್‌ಬಾಕ್ಸ್ ಪೂರ್ತಿ ಬದಲಾಯಿಸಬೇಕು ಅಂತ ಒಂದೂವರೆ ಲಕ್ಷದ ಮೇಲೆ ಎಸ್ಟಿಮೇಟ್ ಕೊಟ್ಟರು. ಗಾಡಿ ಮಾರಿದರೂ ಅಷ್ಟು ಬರುತ್ತದೋ ಇಲ್ಲವೋ!

ಈ ಗ್ಯಾರೇಜಿನ ಯಜಮಾನರಿಗೆ ಅರವತ್ತರ ಹತ್ತಿರ ಇರಬಹುದು. ಎಸ್ಟಿಮೇಟ್ ಕಾಗದ ತೋರಿಸಲು ಹೋದೆ, ಮಡಚಿ ವಾಪಸ್ ಕೊಟ್ಟರು. "ಅದಿರ್ಲಿ ಮೇಡಂ. ಯಾವಾಗ ಬರುತ್ತೆ, ಯಾವಾಗ ಬರಲ್ಲ, ಅದು ಹೇಳಿ" ಎಂದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಬ್ರೇಕ್ ಹಾಕಿದಾಗ ಮಾತ್ರ ಅದುರುತ್ತಾ? ಇಲ್ಲ. ಹಾಗಾದರೆ ಡಿಸ್ಕ್ ಅಲ್ಲ. ಸ್ಟೇರಿಂಗ್ ಕೈಯಲ್ಲಿ ಆಡುತ್ತಾ? ಇಲ್ಲ, ಸೀಟಿನ ಕೆಳಗೆ ಬರುತ್ತದೆ. ಜೋರಾಗಿ ಎಳೆಯುವಾಗ ಜಾಸ್ತಿ ಆಗುತ್ತಾ? ಇಲ್ಲ, ಆಗ ಹೋಗುತ್ತದೆ. ಮೂರನೇ ಉತ್ತರಕ್ಕೆ ಅವರು ತಲೆ ಆಡಿಸಿದರು. ಡ್ರೈವ್ ಶಾಫ್ಟ್‌ನ ಒಳಗಿನ ಜಾಯಿಂಟ್ ಸವೆದಿದ್ದರೂ, ಪ್ಲಗ್ಗೋ ಕಾಯಿಲೋ ಕೈಕೊಟ್ಟಿದ್ದರೂ ಎಳೆಯುವಾಗಲೇ ಜಾಸ್ತಿಯಾಗಬೇಕಂತೆ. ಇದು ತಿರುಗಾಮುರುಗಾ.

ಆಮೇಲೆ ಪಕ್ಕದ ಸೀಟಿನಲ್ಲಿ ಕೂತು, ನನ್ನ ಕೈಯಲ್ಲೇ ಓಡಿಸಿದರು. ಇದು ನನಗೆ ತುಂಬಾ ಇಷ್ಟವಾಯಿತು. ಬೇರೆ ಕಡೆಯೆಲ್ಲ ಕೀ ಕಸಿದುಕೊಂಡು ಹುಡುಗರು ಒಂದು ಸುತ್ತು ಹಾಕಿ ಬಂದು "ನಮಗೇನೂ ಗೊತ್ತಾಗ್ಲಿಲ್ಲ" ಅನ್ನುತ್ತಿದ್ದರು. ಗೊತ್ತಾಗುವುದಾದರೂ ಹೇಗೆ? ಅವರು ಓಡಿಸುವ ಜೋರಿಗೆ ಅದು ಬರುವುದೇ ಇಲ್ಲ.

ಹಿನಕಲ್ ದಾಟಿ ಬೋಗಾದಿ ಕಡೆ ರಿಂಗ್ ರೋಡಿನಲ್ಲಿ ಹೋಗುತ್ತಿರುವಾಗ ನಡುಕ ಬಂತು. "ಆಕ್ಸಿಲರೇಟರ್ ಹಾಗೇ ಇರ್ಲಿ. ಎಡಗಾಲಲ್ಲಿ ಬ್ರೇಕ್ ಪೆಡಲ್ ಮುಟ್ಟಿ. ಒತ್ಬೇಡಿ, ಹಿಂದಿನ ಲೈಟ್ ಹತ್ತೋ ಅಷ್ಟು." ಹಿಂದೆ ಯಾರೂ ಇಲ್ಲ ಅಂತ ಕನ್ನಡಿಯಲ್ಲಿ ನೋಡಿಕೊಂಡು ಮುಟ್ಟಿದೆ. ನಡುಕ ಟಪ್ ಅಂತ ನಿಂತಿತು. ಆರ್‌ಪಿಎಂ ಮುಳ್ಳು ಒಂದಿಷ್ಟು ಮೇಲೆ ಹೋಯಿತು. ಕಾಲು ತೆಗೆದೆ. ಸ್ವಲ್ಪ ಹೊತ್ತಿಗೆ ಮುಳ್ಳು ಕೆಳಗೆ ಇಳಿಯಿತು, ನಡುಕ ಮತ್ತೆ ಬಂತು. ಇನ್ನೊಮ್ಮೆ ಮಾಡಿಸಿದರು. ಅದೇ ಕಥೆ.

ಆಮೇಲೆ ಅದೇ ವೇಗದಲ್ಲಿ ಲಿವರನ್ನು ಡಿಯಿಂದ ಡಿ3ಗೆ ಎಳೆಯಲು ಹೇಳಿದರು. ಚಕ್ರ ತಿರುಗುವ ವೇಗ ಅಷ್ಟೇ ಇದೆ, ಗೇರ್ ಮಾತ್ರ ಬೇರೆ. ನಡುಕ ಇಲ್ಲ. ಚಕ್ರ, ಟೈರ್ ತೊಂದರೆ ಆಗಿದ್ದರೆ ಗೇರ್ ಯಾವುದಿದ್ದರೂ ಬರಬೇಕಿತ್ತು ಅಲ್ವಾ? ಬ್ಯಾಲೆನ್ಸಿಂಗ್‌ಗೆ ಕೊಟ್ಟ ದುಡ್ಡು ನೆನಪಾಗಿ ಹೊಟ್ಟೆ ಉರಿಯಿತು.

ಬೋಗಾದಿ ಸಿಗ್ನಲ್‌ನಲ್ಲಿ ವಿವರಿಸಿದರು. ಆಟೋಮ್ಯಾಟಿಕ್‌ನಲ್ಲಿ ಎಂಜಿನ್ನಿನ ಎಳೆತ ಗೇರ್‌ಬಾಕ್ಸಿಗೆ ಹೋಗುವುದು ಟಾರ್ಕ್ ಕನ್ವರ್ಟರ್ ಒಳಗಿನ ಆಯಿಲ್ ಮೂಲಕ. ಆಯಿಲ್ ಮೂಲಕ ಹೋಗುವಾಗ ಸ್ವಲ್ಪ ಜಾರುತ್ತದೆ, ಪೆಟ್ರೋಲ್ ದಂಡವಾಗುತ್ತದೆ. ಹಾಗಾಗಿ ಒಂದೇ ವೇಗದಲ್ಲಿ ಆರಾಮಾಗಿ ಹೋಗುತ್ತಿರುವಾಗ ಕನ್ವರ್ಟರ್ ಒಳಗಿನ ಒಂದು ಕ್ಲಚ್ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಬಿಗಿಯಾಗಿ ಹಿಡಿದು ಸೇರಿಸುತ್ತದೆ. ಅದು ಲಾಕಪ್ ಕ್ಲಚ್. ಬ್ರೇಕ್ ಲೈಟಿನ ಸ್ವಿಚ್ ಆನ್ ಆದ ಕೂಡಲೇ ಕಂಪ್ಯೂಟರ್ ಅದನ್ನು ಬಿಡಿಸುತ್ತದೆ. ಆಕ್ಸಿಲರೇಟರ್ ಜೋರಾಗಿ ಒತ್ತಿದರೂ ಬಿಡುತ್ತದೆ. ಈ ಕ್ಲಚ್ ನುಣ್ಣಗೆ ಹಿಡಿಯಲು ಆಯಿಲ್‌ನಲ್ಲಿ ಬೇರೆ ಮದ್ದು ಸೇರಿಸಿರುತ್ತಾರೆ. ವರ್ಷಗಟ್ಟಲೆ ಬಿಸಿಗೆ ಅದು ಸತ್ವ ಕಳೆದುಕೊಂಡರೆ ಕ್ಲಚ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ನನ್ನ ಸೀಟಿನ ಕೆಳಗೆ ಬರುತ್ತಿದ್ದ ಗರಗರ ಅದೇ.

ವಾಪಸ್ ಬಂದ ಮೇಲೆ ಸ್ಕ್ಯಾನರ್ ಸಿಕ್ಕಿಸಿ, ಹುಡುಗನನ್ನು ಕೂರಿಸಿಕೊಂಡು ಅವರೇ ಇನ್ನೊಂದು ಸುತ್ತು ಹೋದರು. ನೋಡಿದ್ದು ಕೋಡ್ ಅಲ್ಲ. ಎಂಜಿನ್ ತಿರುಗುವ ವೇಗ ಮತ್ತು ಗೇರ್‌ಬಾಕ್ಸಿನ ಒಳಗೆ ಬರುವ ಶಾಫ್ಟಿನ ವೇಗ, ಎರಡನ್ನೂ ಪಕ್ಕಪಕ್ಕ. ಲಾಕ್ ಆದಾಗ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ನನ್ನ ಗಾಡಿಯಲ್ಲಿ ಎರಡರ ನಡುವಿನ ಅಂತರ ಏರುತ್ತಾ ಇಳಿಯುತ್ತಾ ಕುಣಿಯುತ್ತಿತ್ತು. ಕೋಡ್ ಬರುವಷ್ಟು ಕೆಟ್ಟಿಲ್ಲ, ಆದರೆ ಸರಿಯೂ ಇಲ್ಲ.

ಇನ್ನು ಆಯಿಲ್. ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿ ನನ್ನ ಮೂಗಿನ ಹತ್ತಿರ ಹಿಡಿದರು. ಹೊಸ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಕೆಂಪಗಿರುತ್ತದೆ. ಇದು ಕಂದು ಬಣ್ಣಕ್ಕೆ ತಿರುಗಿತ್ತು, ಆದರೆ ಸೀದ ವಾಸನೆ ಇರಲಿಲ್ಲ. ರೇಡಿಯೇಟರ್ ಮುಚ್ಚಳ ತೆಗೆದು ಕೂಲಂಟ್ ಕೂಡ ನೋಡಿದರು. ಈ ಆಯಿಲ್ ತಣ್ಣಗಾಗುವುದು ರೇಡಿಯೇಟರಿನ ಒಳಗಿನ ಒಂದು ಕೊಳವೆಯಲ್ಲಿ. ಅದು ತೂತಾಗಿ ನೀರು ಬೆರೆತರೆ ಆಯಿಲ್ ಗುಲಾಬಿ ಹಾಲಿನ ಬಣ್ಣಕ್ಕೆ ಬರುತ್ತದೆ, ಆಗಲೂ ಗಾಡಿ ನಡುಗುತ್ತದೆ, ಗೇರ್‌ಬಾಕ್ಸ್ ಬೇಗ ಕೈಬಿಡುತ್ತದೆ. ಪುಣ್ಯಕ್ಕೆ ಅದಿರಲಿಲ್ಲ.

ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿದಾಗ ಅದರ ತುದಿಯ ಅಯಸ್ಕಾಂತಕ್ಕೆ ಬೂದು ಬಣ್ಣದ ಪೇಸ್ಟ್ ಅಂಟಿತ್ತು. ಬೆರಳಲ್ಲಿ ಉಜ್ಜಿ ತೋರಿಸಿದರು. ನುಣ್ಣಗಿದ್ದರೆ ವಯಸ್ಸಿಗೆ ಸಹಜ, ಚೂರು ಚೂರು ಸಿಕ್ಕಿದರೆ ಮಾತ್ರ ಹೆದರಬೇಕಂತೆ. ನನ್ನದು ನುಣ್ಣಗೇ ಇತ್ತು.

ನನಗೆ ನಂಬಿಕೆ ಬಂದಿದ್ದು ಆಮೇಲಿನ ಮಾತಿಗೆ. "ಆಯಿಲ್ ಬದಲಾಯಿಸಿದ್ರೆ ಹೋಗಬಹುದು, ಹೋಗದೇನೂ ಇರಬಹುದು. ಹೋಗ್ಲಿಲ್ಲ ಅಂದ್ರೆ ಕನ್ವರ್ಟರ್ ಇಳಿಸ್ಬೇಕು, ಅದಕ್ಕೆ ಖರ್ಚಿದೆ. ಆದ್ರೆ ಮೊದ್ಲು ಕಮ್ಮಿ ಖರ್ಚಿನದು ನೋಡೋಣ." ಗ್ಯಾರಂಟಿ ಕೊಡಲಿಲ್ಲ. ನನಗೆ ಅದೇ ಸರಿ ಅನ್ನಿಸಿತು.

ಲೆಕ್ಕವನ್ನೂ ಬಿಡಿಸಿ ಹೇಳಿದರು. ಈ ಗೇರ್‌ಬಾಕ್ಸ್ ಒಟ್ಟು 6 ಲೀಟರ್ ಹತ್ತಿರ ಹಿಡಿಯುತ್ತದೆ. ಡ್ರೈನ್ ಮಾಡಿದರೆ ಬರುವುದು ಸುಮಾರು 2.5 ಲೀಟರ್, ಉಳಿದದ್ದು ಬಹುಪಾಲು ಕನ್ವರ್ಟರ್ ಒಳಗೇ ನಿಲ್ಲುತ್ತದೆ. ಅಂದರೆ ಒಂದು ಸಲ ಬದಲಾಯಿಸಿದರೆ ಅರ್ಧಕ್ಕಿಂತ ಜಾಸ್ತಿ ಹಳೆಯದೇ. ಮೂರು ಸಲ ಮಾಡಿದರೆ ಶೇಕಡ 80ರಷ್ಟು ಹೊಸದು. ನಡುನಡುವೆ ಗಾಡಿ ಓಡಿಸಬೇಕು. ಮೆಷಿನ್ ಹಾಕಿ ಒತ್ತಡದಲ್ಲಿ ಫ್ಲಶ್ ಮಾಡುವುದಿಲ್ಲವೇ ಎಂದು ಕೇಳಿದೆ. ಹಳೆಯ ಗಾಡಿಗೆ ತಾನು ಮಾಡುವುದಿಲ್ಲ, ಬೇಕಾದರೆ ಬೇರೆ ಕಡೆ ಮಾಡಿಸಿ ಅಂದರು. ಆಯಿಲ್ ಗಾಡಿಯ ಕಂಪನಿ ಹೇಳಿದ್ದೇ ಆಗಬೇಕು, ಸೀಲ್ ಡಬ್ಬ ನನ್ನೆದುರೇ ಒಡೆದರು. ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್.

ಮೊದಲನೇ ಸಲ ಆದ ಮೇಲೆ ನಡುಕ ಅಪರೂಪವಾಯಿತು. ಮೂರನೆಯದಾದ ಮೇಲೆ ಸಮತಟ್ಟಾದ ರಸ್ತೆಯಲ್ಲಿ ಬಂದೇ ಇಲ್ಲ. ಬೇಸಿಗೆಯ ಮಧ್ಯಾಹ್ನ ಚಾಮುಂಡಿ ಬೆಟ್ಟ ಹತ್ತಿ ಇಳಿದು ಬಂದು ರಿಂಗ್ ರೋಡಿಗೆ ಸೇರಿದರೆ, ಎಲ್ಲೋ ಒಮ್ಮೊಮ್ಮೆ ಸಣ್ಣದಾಗಿ ಗೊತ್ತಾಗುತ್ತದೆ. ಪಕ್ಕದಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಕ್ಲಚ್ಚಿನ ಪದರ ಸ್ವಲ್ಪ ಸವೆದಿದೆ, ಇನ್ನು ಮೇಲೆ 40 ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಾಯಿಸುತ್ತಾ ಹೋಗಿ ಎಂದಿದ್ದಾರೆ. ಆಯಿಲ್, ವಾಷರ್, ಕೂಲಿ ಎಲ್ಲ ಸೇರಿ 10 ಸಾವಿರದ ಒಳಗೇ ಮುಗಿಯಿತು.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದಕ್ಕೆ ಕಾರಣಗಳಿವೆ. ಫೋನ್ ಎತ್ತುವುದೇ ಇಲ್ಲ. ಹೇಳಿದ ಹೊತ್ತಿಗೆ ಗಾಡಿ ಸಿಕ್ಕಿದ್ದೂ ಇಲ್ಲ. ಕೂರಲು ಎರಡು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಒಂದರ ಮೇಲೆ ಯಾವಾಗಲೂ ಹಳೆಯ ಬ್ಯಾಟರಿ. ಹೆಂಗಸರಿಗೆ ಟಾಯ್ಲೆಟ್ ಇಲ್ಲ, ಅರ್ಧ ದಿನ ಕಾಯಿಸುವ ಜಾಗದಲ್ಲಿ ಇದು ಸಣ್ಣ ವಿಷಯ ಅಲ್ಲ. ಬಿಲ್ ಕೇಳಿದರೆ ಮೊದಲು ಚೀಟಿಯಲ್ಲಿ ಬರೆದುಕೊಟ್ಟರು. ಸರಿಯಾದ ಬಿಲ್ ಬೇಕು ಅಂತ ಕೂತ ಮೇಲೆ ಮುಖ ಗಂಟು ಹಾಕಿಕೊಂಡಾದರೂ ಕೊಟ್ಟರು.

ಹೋಗುವವರಿಗೆ ಒಂದು ಮಾತು. ನಮ್ಮಲ್ಲಿ ಎಎಂಟಿಗೂ ಆಟೋಮ್ಯಾಟಿಕ್ ಅಂತಲೇ ಹೇಳುತ್ತಾರೆ. ಅದರೊಳಗೆ ಇರುವುದು ಮಾಮೂಲಿ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ ಪ್ಲೇಟು; ಕ್ಲಚ್ ಒತ್ತಿ ಗೇರ್ ಬದಲಾಯಿಸುವ ಕೆಲಸ ಮಾತ್ರ ಗಾಡಿಯೇ ಮಾಡಿಕೊಳ್ಳುತ್ತದೆ. ಅದು ಸಿಗ್ನಲ್‌ನಿಂದ ಹೊರಡುವಾಗ ಅದುರಿದರೆ ಮೊದಲು ನೋಡಬೇಕಾದದ್ದು ಆ ಪ್ಲೇಟನ್ನು. ಈ ಬ್ರೇಕ್ ಮುಟ್ಟುವ ಪರೀಕ್ಷೆ ಅಲ್ಲಿ ನಡೆಯುವುದಿಲ್ಲ. ಗೇರುಗಳ ಬದಲು ಬೆಲ್ಟ್ ಇರುವ ಸಿವಿಟಿ ಕೂಡ ಬೇರೆಯೇ ಲೆಕ್ಕ, ಅದರ ಆಯಿಲ್ಲೇ ಬೇರೆ. ಇವರು ಟಾರ್ಕ್ ಕನ್ವರ್ಟರ್ ಗಾಡಿಗಳನ್ನೇ ಜಾಸ್ತಿ ತೆಗೆದುಕೊಳ್ಳುತ್ತಾರೆ. ಶನಿವಾರ ಹೋಗಬೇಡಿ, ಜಾತ್ರೆ ಇರುತ್ತದೆ. ವಾರದ ಮಧ್ಯೆ ಬೆಳಿಗ್ಗೆ ಹತ್ತರ ಸುಮಾರಿಗೆ ಹೋಗಿ, ಗಾಡಿ ಬಿಸಿಯಾಗುವಷ್ಟು ದೂರದಿಂದ ಓಡಿಸಿಕೊಂಡೇ ಹೋಗಿ. ತಣ್ಣಗಿರುವ ಗಾಡಿಯಲ್ಲಿ ಅವರಿಗೂ ಏನೂ ಸಿಗುವುದಿಲ್ಲ.