ಮೊಲಕ್ಕೆ ನೀರು: ಬಾಟ್ಲಿಯೋ ಬಟ್ಟಲೋ?

ಹೊಸ ಮೊಲ ಅಂದರೆ ಪಂಜರದ ಜೊತೆ ನಿಪ್ಪಲ್ ಬಾಟ್ಲಿ (ತಲೆಕೆಳಗಾಗಿ ತೂಗುಹಾಕುವ, ನಳಿಗೆಯ ತುದಿಯಲ್ಲಿ ಪುಟ್ಟ ಗುಂಡಿರುವ ನೀರಿನ ಬಾಟ್ಲಿ) ಬಂದೇ ಬರುತ್ತದೆ. ಎರಡನ್ನೂ ಬಳಸಿ ನೋಡಿದ ಮೇಲೆ ನನ್ನ ಓಟು ಭಾರದ ಪಿಂಗಾಣಿ ಬಟ್ಟಲಿಗೆ. ಬಾಟ್ಲಿಯ ನೀರಿಗೆ ಹುಲ್ಲು, ಹಿಕ್ಕೆ ಬೀಳುವುದಿಲ್ಲ, ಒಪ್ಪಿದೆ. ಆದರೆ ಅದು ಸುಳ್ಳು ಲೆಕ್ಕ ತೋರಿಸುತ್ತದೆ.

ಹೇಗೆಂದರೆ, ಮೊಲ ನಾಲಿಗೆಯಿಂದ ಗುಂಡನ್ನು ತಳ್ಳಿದಾಗ ಒಂದೆರಡು ಹನಿ ಹೊರಬರುತ್ತದೆ, ಆ ಜಾಗಕ್ಕೆ ಗಾಳಿಯ ಗುಳ್ಳೆ ಒಳಹೋಗುತ್ತದೆ. ಅರ್ಧ ತುಂಬಿದ ಬಾಟ್ಲಿಯ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದರೆ ಒಳಗಿನ ಗಾಳಿ ಹಿಗ್ಗಿ ನೀರನ್ನು ಹೊರದೂಡುತ್ತದೆ. ಹನಿಹನಿಯಾಗಿ ಸೋರಿದ್ದೆಲ್ಲ ಕೆಳಗಿನ ಹುಲ್ಲಿಗೆ ಹೋಗಿರುತ್ತದೆ; ನಾವು ಮಾತ್ರ ‘ಪರವಾಗಿಲ್ಲ, ಚೆನ್ನಾಗಿ ಕುಡಿದಿದೆ’ ಅಂದುಕೊಳ್ಳುತ್ತೇವೆ. ಬಾಟ್ಲಿ ಬಳಸಲೇಬೇಕು ಅನ್ನುವವರು ಕಂಠದವರೆಗೆ ತುಂಬಿ, ನೆರಳಲ್ಲಿ ತೂಗುಹಾಕಬೇಕು. ಮುಚ್ಚಳದ ವಾಷರ್ ಸೀಳಿದ್ದರೆ ಎಷ್ಟು ಬಿಗಿ ಮಾಡಿದರೂ ಸೋರುತ್ತದೆ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಬೋರ್‌ವೆಲ್ ನೀರಿಗೆ ಗುಂಡಿನ ಸುತ್ತ ಬಿಳಿ ಉಪ್ಪು ಕಟ್ಟಿ ಗುಂಡು ಅಲ್ಲೇ ಕಚ್ಚಿಕೊಳ್ಳುತ್ತದೆ. ಬಾಟ್ಲಿ ತುಂಬ ನೀರು ಕಾಣುತ್ತಿರುತ್ತದೆ, ಒಂದು ಹನಿಯೂ ಬರುತ್ತಿರುವುದಿಲ್ಲ. ಹೊಸ ಜಾಗಕ್ಕೆ ಹೆದರಿದ ಮೊಲ ಎರಡು ಸಲ ನೆಕ್ಕಿ ಸುಮ್ಮನಾಗುತ್ತದೆ. ನೀರಿಲ್ಲದಿದ್ದರೆ ಒಣಹುಲ್ಲನ್ನೂ ಬಿಡುತ್ತದೆ. ಹುಲ್ಲು ಬಿಟ್ಟರೆ ಕರುಳು ನಿಧಾನವಾಗುತ್ತದೆ. ದಿನಾ ಬೆಳಿಗ್ಗೆ ಗುಂಡನ್ನು ಬೆರಳಿಂದ ಒತ್ತಿ ನೋಡಿ. ಕಚ್ಚಿಕೊಂಡಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ನಳಿಗೆಯೊಳಗೆ ಸಣ್ಣ ಬ್ರಷ್ ಆಡಿಸಿ, ಚೆನ್ನಾಗಿ ತೊಳೆಯಿರಿ. ನನಗಂತೂ ದಿನಾ ಇಷ್ಟು ತಾಳ್ಮೆ ಇಲ್ಲ.

ಬಟ್ಟಲು ತೊಳೆಯಲು ಒಂದು ನಿಮಿಷ ಸಾಕು. ಮೊಲ ತಲೆ ಬಗ್ಗಿಸಿ ಕುಡಿಯುವ ಪ್ರಾಣಿ. ಎರಡನ್ನೂ ಇಟ್ಟರೆ ಹೆಚ್ಚಿನವು ಬಟ್ಟಲಿಗೇ ಬಾಯಿ ಹಾಕುತ್ತವೆ. ಅಡುಗೆಮನೆಯ ಸ್ಟೀಲ್ ಬಟ್ಟಲು ಮಾತ್ರ ಬೇಡ, ಅಂಚನ್ನು ಹಲ್ಲಲ್ಲಿ ಕಚ್ಚಿ ಮಗುಚಿಬಿಡುತ್ತವೆ. ಅಗಲ ತಳದ, ಗಿಡ್ಡ ಅಂಚಿನ, ಒಂದು ಕೈಯಲ್ಲಿ ಎತ್ತಿದರೆ ಭಾರ ಅನ್ನಿಸುವಂಥದ್ದು ತನ್ನಿ. ಸರಳಿಗೆ ತಿರುಪಿ ಕೂರಿಸುವ ಸ್ಟೀಲ್ ಕಪ್ ಕೂಡ ನಡೆಯುತ್ತದೆ.

ಬಾಟ್ಲಿಯಲ್ಲೇ ಕುಡಿದು ಬೆಳೆದ ಮೊಲವಾದರೆ ಬಾಟ್ಲಿಯನ್ನು ತಕ್ಷಣ ಕಿತ್ತುಹಾಕಬೇಡಿ. ನಳಿಗೆಯ ಕೆಳಗೇ ಬಟ್ಟಲಿಟ್ಟು, ಪಕ್ಕದಲ್ಲಿ ಹುಲ್ಲು ಹಾಕಿ. ಹನಿ ಬೀಳುವ ಜಾಗ ಮೂಸಿ ಕುಡಿಯಲು ಕಲಿಯುತ್ತದೆ. ಕೊತ್ತಂಬರಿ ಅದಕ್ಕೆ ಮೊದಲೇ ಅಭ್ಯಾಸವಿದ್ದರೆ ತೊಳೆದ ಎಲೆಯನ್ನು ನೀರು ಒದರದೆ ಸ್ವಲ್ಪ ಕೊಡಿ.

ನೀರನ್ನು ಅಳೆದು ಹಾಕಿ, ಮರುದಿನ ಉಳಿದದ್ದನ್ನು ಅಳೆಯಿರಿ. ಮೊಲ ತನ್ನ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 50ರಿಂದ 150 ಮಿಲಿ ಕುಡಿಯುತ್ತದೆ; ಹಸಿ ಸೊಪ್ಪು ಜಾಸ್ತಿ ತಿಂದರೆ ಇನ್ನೂ ಕಡಿಮೆ. ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯೂ ಹಾಕದಿದ್ದರೆ ಬಟ್ಟಲು ಬಾಟ್ಲಿ ಚರ್ಚೆ ಬಿಟ್ಟು ಮೊಲ ನೋಡಿ ಗೊತ್ತಿರುವ ಪಶುವೈದ್ಯರಲ್ಲಿಗೆ ಓಡಿ.

ಗಂಗೆದೊಗಲು (ಗದ್ದದ ಕೆಳಗೆ ಜೋಲುವ ಚರ್ಮ) ದೊಡ್ಡದಿರುವ ಹೆಣ್ಣು ಮೊಲಕ್ಕೆ ಬಟ್ಟಲಲ್ಲಿ ಕುತ್ತಿಗೆ ಸದಾ ಒದ್ದೆಯಾಗಿ ಚರ್ಮ ಕೆಂಪಾಗಬಹುದು. ಅಂಥದ್ದಕ್ಕೆ ಕಿರಿದಾದ ಬಟ್ಟಲು, ಅದಕ್ಕೂ ಒಗ್ಗದಿದ್ದರೆ ಬಾಟ್ಲಿ. ಕಾರಿನಲ್ಲಿ ದೂರ ಹೋಗುವಾಗಲೂ ಬಾಟ್ಲಿಯೇ ಅನುಕೂಲ, ಹಾಗಾಗಿ ಎಸೆಯಬೇಡಿ.