ಮಡಿಕೇರಿಯಲ್ಲಿ ಮಂಗಳೂರಿನ ನೆನಪುಗಳು: ಒಂದು ಕೂಟದ ವಿಮರ್ಶೆ

ಮಡಿಕೇರಿಯ ಕಾಫಿ ಅಂಗಡಿಯೊಂದು ತನ್ನ ಮಹಡಿಯಲ್ಲಿ ನಡೆಸುವ ನೆನಪಿನ ಕೂಟಕ್ಕೆ ಈ ಬಾರಿ ಮಂಗಳೂರು ವಿಷಯವಾಗಿತ್ತು. ಅಲ್ಲಿ ಹುಟ್ಟಿ ಬೆಳೆದು ಕೊಡಗಿನಲ್ಲಿ ನೆಲೆಸಿರುವ ಹಿರಿಯರು ಮಾತನಾಡಿದರು. ಪ್ರವೇಶ ಉಚಿತ, ಕಾಫಿಯ ಹಣ ಮಾತ್ರ ಕೊಟ್ಟರೆ ಸಾಕು.

ಹಂಚಿನ ಕಥೆಯೇ ಈ ಕೂಟದ ಅತ್ಯುತ್ತಮ ಭಾಗ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯ ಬಗ್ಗೆ ಈಗಾಗಲೇ ಓದಿಕೊಂಡವರಿಗೂ, ಹಿರಿಯರೊಬ್ಬರು ಹಳೆಯ ಹಂಚೊಂದನ್ನು ಮಗುಚಿ, ಪಾಚಿ ಒರೆಸಿ, ಅಚ್ಚೊತ್ತಿದ ಅಕ್ಷರಗಳನ್ನು ಬೆರಳಿನಿಂದ ತಡವುತ್ತಾ, ನೇತ್ರಾವತಿಯ ದಂಡೆಗೆ ದೋಣಿಗಳಲ್ಲಿ ಜೇಡಿಮಣ್ಣು ಬಂದಿಳಿಯುತ್ತಿದ್ದ ಬಗೆಯನ್ನು ವಿವರಿಸಿದಾಗ ದೊರೆತ ತಿಳಿವಳಿಕೆ ಬೇರೆಯೇ. ಕೊಡಗಿನ ಎಷ್ಟೋ ಹಳೆಯ ಮನೆಗಳ ಮಾಡಿಗೂ ಅದೇ ಊರಿನ ಹಂಚು ಹೊದಿಸಲಾಗಿದೆ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಹೊರತಂದ, ಅದೇ ಮಿಷನ್ನಿನ ಪಾದ್ರಿ ಹರ್ಮನ್ ಮೊಗ್ಲಿಂಗ್ ಮುಂದೆ ಕೊಡಗಿಗೂ ಬಂದು ಕೆಲಸ ಮಾಡಿದ್ದನ್ನು ನೆನೆದದ್ದು ಸಂತೋಷ ತಂದಿತು.

ಆದರೆ ಬ್ರಿಟಿಷರ ವಿರುದ್ಧ ನಡೆದ 1837ರ ಬಂಡಾಯವನ್ನು ಎರಡೇ ಮಾತಿನಲ್ಲಿ ಮುಗಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಸುಳ್ಯದ ಕಡೆಯಿಂದ ಹೊರಟ ರೈತರು ಆ ವರ್ಷದ ಏಪ್ರಿಲ್‌ನಲ್ಲಿ ಮಂಗಳೂರನ್ನು ವಶಪಡಿಸಿಕೊಂಡು ಬಾವುಟಗುಡ್ಡದಲ್ಲಿ ಧ್ವಜವೇರಿಸಿದರು. ಅಕ್ಟೋಬರ್‌ನಲ್ಲಿ ಬಂಡಾಯದ ನಾಯಕರಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಎರಡೂ ಊರುಗಳನ್ನು ಇಷ್ಟು ಗಟ್ಟಿಯಾಗಿ ಬೆಸೆಯುವ ಪ್ರಸಂಗವನ್ನು, ಅದೂ ಆ ಕೋಟೆಯಿರುವ ಊರಿನಲ್ಲೇ ಕುಳಿತು, ಬದಿಗೆ ಸರಿಸಬಾರದಿತ್ತು.

ಬಂದರಿನ ಮೀನು ಮಾರುಕಟ್ಟೆಯ ಬಗ್ಗೆ ಸೊಗಸಾಗಿ ಮಾತನಾಡುತ್ತಿದ್ದ ಮಹಿಳೆಗೆ ಸಮಯ ಸಾಲಲಿಲ್ಲ. ಇಂಥ ಮಾತುಗಳನ್ನು ವ್ಯವಸ್ಥಾಪಕರು ಧ್ವನಿಮುದ್ರಿಸಿಕೊಳ್ಳಲೇಬೇಕು. ಹೋಗುವವರು ಮೊದಲೇ ಹೆಸರು ನೋಂದಾಯಿಸಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದು ಒಳ್ಳೆಯದು. ಮಳೆ ಜೋರಾದರೆ ಹಿಂದಿನವರಿಗೆ ಮಾತು ಕೇಳಿಸುವುದಿಲ್ಲ.