ನಮ್ಮ ಮನೆಯ ಆರ್‌ಸಿಸಿಬಿ: ಹನ್ನೆರಡು ವರ್ಷದ ಬಳಕೆಯ ನಂತರ

ಮಲೆನಾಡಿನ ಸಾಗರದ ಹತ್ತಿರ ನಾವು ಮನೆ ಕಟ್ಟಿದ್ದು 2012ರಲ್ಲಿ. ಮೇನ್ ಬೋರ್ಡಿಗೆ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು ಹಾಕಿಸಿದೆವು. 40 ಆಂಪಿಯರ್ ತನಕ ಹೊರುವಂಥದ್ದು, 30 ಮಿಲಿ ಆಂಪಿಯರ್ ಸೋರಿದರೆ ಬೀಳುವಂಥದ್ದು. ನಮ್ಮೂರ ಎಲೆಕ್ಟ್ರಿಶಿಯನ್ ಬಾಯಲ್ಲಿ ಅದು ಇವತ್ತಿಗೂ ಇಎಲ್‌ಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬರ್ತಿದೆಯಾ ಅಂತ ನೋಡೋದು ಅದರ ಕೆಲಸ. ಎಲ್ಲೋ ಸೋರಿದರೆ ಲಿವರ್ ಬಿದ್ದು ಕರೆಂಟು ಕಡಿಯುತ್ತದೆ.

ಐದನೇ ವರ್ಷ ಗೀಸರ್ ಹಾಕಿದಾಗಲೆಲ್ಲ ಬೀಳತೊಡಗಿತು. ನಾನು ಇದಕ್ಕೇ ಬೈದೆ. ನೋಡಿದರೆ ಗೀಸರಿನ ಕಾಯಿಲ್ ಒಡೆದು ನೀರಿಗೆ ಕರೆಂಟು ಸೋರುತ್ತಿತ್ತು! ಅವತ್ತೇ ಅದರ ದುಡ್ಡು ಹುಟ್ಟಿತು.

2024ರ ಬೇಸಿಗೆಯಲ್ಲಿ, ಮಳೆಗೆ ಮೊದಲು ಸುಮ್ನೆ ಅದರ ಮೇಲಿನ ಟೆಸ್ಟ್ ಬಟನ್ ಒತ್ತಿದೆ. ಲಿವರ್ ಬೀಳಬೇಕಿತ್ತು, ಏನೂ ಆಗಲಿಲ್ಲ. ಗಟ್ಟಿಯಾಗಿ ಒತ್ತಿದೆ. ಫ್ಯಾನ್ ತಿರುಗುತ್ತಲೇ ಇತ್ತು. ಕೈಯಿಂದ ಲಿವರನ್ನು ನಾಲ್ಕು ಸಲ ಮೇಲೆ ಕೆಳಗೆ ಆಡಿಸಿ ಮತ್ತೆ ಒತ್ತಿದರೆ, ಟಪ್ ಅಂತ ಬಿತ್ತು. ಸರಿಹೋಯ್ತು ಅಂತ ಖುಷಿಪಟ್ಟೆ. ಎಲೆಕ್ಟ್ರಿಶಿಯನ್ ನಕ್ಕ. ‘ಶಾಕ್ ಹೊಡೆಯೋವಾಗ ಅದು ಲಿವರ್ ಆಡಿಸಿ ಕೊಡಿ ಅಂತ ಕೇಳಲ್ಲ ಸರ್’ ಅಂದ.

ವರ್ಷಗಟ್ಟಲೆ ಅಲುಗದೆ ಕೂತರೆ ಒಳಗಿನ ಗ್ರೀಸು ಗಟ್ಟಿಯಾಗುತ್ತದಂತೆ. ನಮ್ಮ ಕಡೆಯ ತೇವ ಬೇರೆ. ಹಾಗಾಗಿ ಲೆಕ್ಕಕ್ಕೆ ಬರೋದು ಮೊದಲ ಒತ್ತು ಮಾತ್ರ. ಬದಲಿಸಲು ಬಿಚ್ಚಿದಾಗ ತಂತಿಯ ತುದಿ ಹಸಿರುಗಟ್ಟಿತ್ತು, ಬಾಕ್ಸಿನ ಮೂಲೆಯಲ್ಲಿ ಇರುವೆ ಗೂಡು. ತಪ್ಪು ನನ್ನದೂ ಇದೆ. ಎರಡು ವರ್ಷ ತಿಂಗಳಿಗೊಮ್ಮೆ ಒತ್ತಿದ್ದೆ, ಆಮೇಲೆ ಮರೆತೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ಯಾಕೆಂದರೆ ಕೆಟ್ಟಿದ್ದೇನೆ ಅಂತ ಅದು ಹೇಳೋದೇ ಇಲ್ಲ. ಎಲ್ಲ ದೀಪ ಉರಿಯುತ್ತಲೇ ಇರುತ್ತದೆ.

ಅದೇ ವಯಸ್ಸಿನ ಎಂಸಿಬಿಗಳು, ಅಂದರೆ ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್ಚುಗಳು, ಇನ್ನೂ ಇವೆ. ಗೀಸರಿನದ್ದು ಮಾತ್ರ ಸ್ಕ್ರೂ ಸಡಿಲಾಗಿ ಕಾದು ಹಳದಿಯಾಗಿತ್ತು, ಬದಲಿಸಿದೆವು. ಕರೆಂಟು ದಿಢೀರ್ ಏರಿದಾಗ ಟಿವಿಯನ್ನು ಕಾಯುವ ಸ್ಪೈಕ್ ಗಾರ್ಡ್ ಮೂರು ವರ್ಷಕ್ಕೇ ಹೋಯಿತು. ಒಂದೊಂದು ಏಟು ತಿಂದಾಗಲೂ ಅದರೊಳಗಿನ ಬಿಲ್ಲೆ ಸವೆಯುತ್ತದೆ. ಅದರ ಸ್ವಿಚ್ಚಿನ ಕೆಂಪು ದೀಪ ಉರಿದರೆ ಕರೆಂಟು ಇದೆ ಅಂತಷ್ಟೇ ಅರ್ಥ, ಬಿಲ್ಲೆ ಸರಿಯಿದೆ ಅಂತಲ್ಲ. ಗುಡುಗು ಬಂದರೆ ಪ್ಲಗ್ ಕೀಳೋದೇ ವಾಸಿ.

ಇನ್ನೊಂದು ವಿಷಯ. ಅರ್ಥಿಂಗ್ ತಂತಿ ಕಡಿದಿದ್ದರೂ ಟೆಸ್ಟ್ ಬಟನ್ ಒತ್ತಿದರೆ ಲಿವರ್ ಬೀಳುತ್ತದೆ. ಹಾಗಾಗಿ ಅರ್ಥಿಂಗನ್ನು ಬೇರೆಯಾಗಿಯೇ ನೋಡಿಸಬೇಕು.

ಹೊಸದಕ್ಕೆ ಎರಡು ಸಾವಿರದ ಆಸುಪಾಸು ಆಯಿತು. ಮೊದಲ ಒತ್ತಿಗೆ ಬೀಳದಿದ್ದರೆ ಎಷ್ಟೇ ಹೊಸದಾದರೂ ತೆಗೆಸುತ್ತೇನೆ. ಬೀಳುತ್ತಿದ್ದರೂ ಹತ್ತು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಧೈರ್ಯ ನನಗಿಲ್ಲ. ಈಗ ಹಾಲಿನ ಲೆಕ್ಕ ಚುಕ್ತಾ ಮಾಡುವ ದಿನವೇ ಬಟನ್ ಒತ್ತುತ್ತೇನೆ. ಧಾರಾವಾಹಿ ಮುಗಿದ ಮೇಲೆ ಒತ್ತು ಅನ್ನೋದು ಅಮ್ಮನ ಷರತ್ತು.